ಅಸಾಂಪ್ರದಾಯಿಕ ಸಮರ ಮತ್ತು ರಿಸ್ಯಾಟ್-2
2008ರ ನವೆಂಬರ್ 26ರಂದು ಸಮುದ್ರಮಾರ್ಗವಾಗಿ ಮುಂಬೈಗೆ ನುಗ್ಗಿದ ಉಗ್ರರ ಬಳಿ ಜಿಪಿಎಸ್ ಉಪಕರಣ, ಉಪಗ್ರಹ ಫೋನ್ ಇದ್ದವು. ಬಾಹ್ಯಾಕಾಶ ತಂತ್ರಜ್ಞಾನ ದಾಳಿಕೋರರ ಕೈಗೂ ಸಿಗುತ್ತದೆ ಎಂಬುದೇ ಇಂಥ ಅಸಾಂಪ್ರದಾಯಿಕ ಸಮರದ ಆತಂಕ. ದಾಳಿಯ ನಂತರ, 2009ರ ಏಪ್ರಿಲ್ 20ರಂದು ಇಸ್ರೋ ಪಿಎಸ್‌ಎಲ್‌ವಿ-ಸಿ12 ರಾಕೆಟ್ ಮೂಲಕ ರಿಸ್ಯಾಟ್-2 ಉಪಗ್ರಹವನ್ನು ಉಡಾಯಿಸಿತು. ತೂಕ ಸುಮಾರು 300 ಕೆ.ಜಿ.; ಹೊತ್ತದ್ದು ಇಸ್ರೇಲ್ ನಿರ್ಮಿತ ಎಕ್ಸ್-ಬ್ಯಾಂಡ್ ರೇಡಾರ್. ಸಾಮಾನ್ಯ ಕ್ಯಾಮೆರಾಗೆ ಸೂರ್ಯನ ಬೆಳಕು ಬೇಕು. ರೇಡಾರ್ ತಾನೇ ಸೂಕ್ಷ್ಮತರಂಗ ಹೊಮ್ಮಿಸಿ, ಮರಳಿ ಬಂದದ್ದನ್ನು ಗ್ರಹಿಸಿ ಚಿತ್ರ ಕಟ್ಟುತ್ತದೆ. ಹೀಗಾಗಿ ಮೋಡ, ಕತ್ತಲೆಯ ಮರೆಯಲ್ಲಿ ಗಡಿ ನುಸುಳುವವರ ಮೇಲೆ ನಿಗಾ ಇಡಲು ಇಂಥ ರೇಡಾರ್ ಬಹಳ ಉಪಯುಕ್ತ. ಆದರೆ ಕೆಳಕಕ್ಷೆಯ ಒಂದೇ ಉಪಗ್ರಹ ಒಂದೇ ಜಾಗವನ್ನು ಸದಾ ಕಾಯಲಾರದು, ನೆಲದ ಗುಪ್ತಚರರು ಬೇಕೇ ಬೇಕು. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಉಡಾವಣೆಯ ಕ್ರಮದಲ್ಲಿ: ಮೊದಲು ಹಾರಿದ್ದು ರಿಸ್ಯಾಟ್-2, ಸ್ವದೇಶಿ ಸಿ-ಬ್ಯಾಂಡ್ ರೇಡಾರಿನ ರಿಸ್ಯಾಟ್-1 ಹಾರಿದ್ದು 2012ರ ಏಪ್ರಿಲ್ 26ರಂದು.