ಕಡಲೆಕಾಯಿ ಮೂಟೆಯ ಮುಂದೆ ಒಂದು ಪ್ರಶ್ನೆ



ಕನ್ನಡ ತರಗತಿಯಲ್ಲಿ ನಾನು ಬಹಳ ವರ್ಷ ಒಂದೇ ಬಗೆಯ ಪ್ರಶ್ನೆ ಕೇಳಿದವನು. 'ಒಡಲಾಳ' ಬರೆದವರು ಯಾರು? ದೇವನೂರ ಮಹಾದೇವ. ಸಾಕವ್ವ ಹುಡುಕುತ್ತಿದ್ದದ್ದು ಏನನ್ನು? ಹುಂಜವನ್ನು. ಉತ್ತರ ಬಂದ ಕೂಡಲೇ ಮಾತು ಮುಗಿಯುತ್ತಿತ್ತು. ಒಂದು ಅಂಕಕ್ಕೆ ಅಷ್ಟು ಸಾಕು, ಪರೀಕ್ಷೆಗೆ ಬೇಕೂ ಬೇಕು. ಆದರೆ ಪಕ್ಕದ ನಂಜನಗೂಡು ತಾಲ್ಲೂಕಿನವರು, ನಮ್ಮ ಚಾಮರಾಜನಗರದ ಸಂತೆಯಲ್ಲಿ ಕೇಳುವಂಥ ಮಾತಿನಲ್ಲೇ ಬರೆದ ಕಥೆಯ ಬಗ್ಗೆ ನೀವು ಬಾಯಿ ಬಿಡದೆ ಕೂರುವುದು ನನಗೆ ಬೇಸರ ತರುತ್ತಿತ್ತು.

ಒಮ್ಮೆ "ಕಥೆ ಹೇಗಿದೆ?" ಎಂದು ಕೇಳಿ ನೋಡಿದೆ. "ಚೆನ್ನಾಗಿದೆ ಸಾರ್" ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಹೇಳಿತು. ತಪ್ಪು ನನ್ನದೇ. ಅಷ್ಟು ಅಗಲದ ಪ್ರಶ್ನೆಗೆ ಯಾರು ಏನು ಹೇಳಲು ಸಾಧ್ಯ? ಕಥೆಯ ಒಂದು ಜಾಗದ ಮೇಲೆ ಬೆರಳಿಟ್ಟು ಕೇಳಬೇಕಿತ್ತು.

ಮರುದಿನ ಕಡಲೆಕಾಯಿಯ ಪ್ರಸಂಗ ಎತ್ತಿಕೊಂಡೆ. ಸಾಕವ್ವನ ಮನೆಗೆ ಕದ್ದ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ರಾತ್ರಿಯಿಡೀ ತಿನ್ನುತ್ತಾರೆ. ಆಮೇಲೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. "ಕದ್ದದ್ದನ್ನು ತಿನ್ನುವ ಈ ರಾತ್ರಿಯನ್ನು ಲೇಖಕರು ಹಬ್ಬದ ಹಾಗೆ ಏಕೆ ಬರೆದಿದ್ದಾರೆ?" ಎಂದು ಕೇಳಿ ಸುಮ್ಮನೆ ನಿಂತೆ. ನಾವು ಮೇಷ್ಟ್ರುಗಳಿಗೆ ಆ ಮೌನ ತಡೆದುಕೊಳ್ಳುವುದೇ ಕಷ್ಟ; ನಾವೇ ಉತ್ತರ ಹೇಳಿಬಿಡುತ್ತೇವೆ.

ಕೊನೆಗೆ ಒಬ್ಬ ಎದ್ದ. "ಕದ್ದದ್ದು ಕದ್ದದ್ದೇ ಸಾರ್. ಹರಾಮ್."

"ಸರಿ. ಓದುವಾಗ ಆ ಮನೆಯವರ ಮೇಲೆ ನಿನಗೆ ಸಿಟ್ಟು ಬಂತೇನಪ್ಪ?"

ಸ್ವಲ್ಪ ಹೊತ್ತು ಯೋಚಿಸಿದ. "ಇಲ್ಲ ಸಾರ್. ಪೊಲೀಸರು ಬಂದಾಗ ಸಿಕ್ಕಿಹಾಕ್ಕೊಳ್ದೆ ಇರಲಿ ಅಂದ್ಕೊಂಡೆ."

ಎಲ್ಲರೂ ನಕ್ಕರು, ಅವನೂ ನಕ್ಕ. ಬರಗಾಲದ ವರ್ಷ ಖಲೀಫಾ ಉಮರ್ ಕಳ್ಳತನದ ಶಿಕ್ಷೆಯನ್ನು ತಡೆಹಿಡಿದಿದ್ದರೆಂದು ಕೇಳಿದ್ದೇನೆ ಎಂದ ಇನ್ನೊಬ್ಬ. ಆಗ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುವ, ಅದುವರೆಗೆ ಹಾಜರಿ ಬಿಟ್ಟು ಬೇರೇನೂ ಮಾತಾಡದ ಹುಡುಗಿ ಕೈ ಎತ್ತಿದಳು.

"ನಮ್ಮ ಅಮ್ಮಿ ಕಡಲೆಕಾಯಿ ಕೀಳೋಕೆ ಕೂಲಿಗೆ ಹೋಗ್ತಾರೆ ಸಾರ್. ಮೂಟೆ ಯಾರದು ಅಂತ ಪೊಲೀಸರು ಕೇಳ್ತಾರೆ. ಕಿತ್ತವರು ಯಾರು ಅಂತ ಯಾಕೆ ಕೇಳಲ್ಲ?"

ನನ್ನ ಟಿಪ್ಪಣಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅದನ್ನೇ ಬೋರ್ಡಿನ ಮೇಲೆ ಬರೆದೆ. "ಇದಕ್ಕೆ ಕಥೆಯೊಳಗೆ ಎಲ್ಲಿ ಆಧಾರ ಸಿಗುತ್ತದೆ, ಹುಡುಕಿ" ಎಂದೆ. ಪುಟ ತಿರುವುವ ಸದ್ದು ಕೇಳಿಸಿತು. ಗಂಟೆ ಹೊಡೆದರೂ ಹಿಂದಿನ ಬೆಂಚಿನವರು ಏಳಲಿಲ್ಲ.

ಮುಂದಿನ ಶನಿವಾರ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಓದೋಣ. ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಬರೆದು ತನ್ನಿ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಬೇಡ.