ನಾಯಿಯ ಮೈಯಲ್ಲಿ ಗಂಟು: ಕಾಯುವ ಮೊದಲು ಸೂಜಿ ಹಾಕಿಸಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪುಟ್ಟ ನಾಯಿಗಳ ಮೈಮೇಲೆ ಕಾಣಿಸಿಕೊಂಡ ಗಂಟುಗಳ ಬಗ್ಗೆ. ಒಂದೇ ವಿಷಯದ ಪ್ರಶ್ನೆಗಳಾದ್ದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ಗಂಡು ಪಾಮೇರಿಯನ್‌ಗೆ ಎಂಟು ವರ್ಷ, ತೂಕ ಆರು ಕೆ.ಜಿ. ಎರಡು ತಿಂಗಳ ಹಿಂದೆ ಸ್ನಾನ ಮಾಡಿಸುವಾಗ ಬಲಗಡೆ ಪಕ್ಕೆಯ ಮೇಲೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಈಗ ಅಡಿಕೆಯಷ್ಟಾಗಿದೆ. ಮುಟ್ಟಿದರೆ ನೋವಿಲ್ಲ, ಊಟ-ಆಟ ಎಲ್ಲ ಮಾಮೂಲಿ. ಪಕ್ಕದ ಮನೆಯವರು ‘ಕೊಬ್ಬಿನ ಗಂಟು, ಏನೂ ಆಗಲ್ಲ’ ಅಂತಾರೆ. ನಮ್ಮತ್ತೆ ಸುಣ್ಣ-ಅರಿಶಿನ ಹಚ್ಚೋಣ ಅಂತಾರೆ. ಏನು ಮಾಡಲಿ ಡಾಕ್ಟ್ರೇ?
— ಓದುಗರು, ತಿಪಟೂರು

ಉತ್ತರ: ಪಕ್ಕದ ಮನೆಯವರ ಮಾತು ನಿಜವೇ ಇರಬಹುದು. ವಯಸ್ಸಾದ, ಸ್ವಲ್ಪ ಮೈ ಬಂದ ನಾಯಿಗಳಲ್ಲಿ ಕೊಬ್ಬಿನ ಗಂಟು, ಅಂದರೆ ಲೈಪೋಮಾ, ತುಂಬಾ ಸಾಮಾನ್ಯ. ಅದು ಮೆತ್ತಗಿರುತ್ತದೆ, ಚರ್ಮದಡಿ ಅತ್ತಿತ್ತ ಜಾರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಆದರೆ ನಾಯಿಗಳ ಅಪಾಯಕಾರಿ ಚರ್ಮದ ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವ ಮಾಸ್ಟ್ ಸೆಲ್ ಗೆಡ್ಡೆಯೂ ಕೆಲವೊಮ್ಮೆ ಹೀಗೇ ಮೆತ್ತಗೆ ಜಾರುತ್ತದೆ. ಎರಡನ್ನೂ ಬೆರಳಿನಿಂದ ಬೇರ್ಪಡಿಸುವುದು ನಿಮಗೂ ಆಗದು, ನನಗೂ ಆಗದು. ನೋವಿಲ್ಲ ಎನ್ನುವುದರಿಂದಲೂ ಸಮಾಧಾನ ಪಡಬೇಡಿ. ಕೀವು ತುಂಬಿದ ಕುರು ನೋಯುತ್ತದೆ, ಮುಟ್ಟಿದರೆ ಬಿಸಿ ಹತ್ತುತ್ತದೆ. ಕೆಟ್ಟ ಗೆಡ್ಡೆಗಳು ಬಹುಪಾಲು ಮೊದಮೊದಲು ನೋಯುವುದೇ ಇಲ್ಲ.

ಹಾಗಾಗಿ ಈ ವಾರವೇ ಪಶುವೈದ್ಯರಲ್ಲಿ ಹೋಗಿ ‘ಎಫ್‌ಎನ್‌ಎಸಿ ಮಾಡಿ’ ಎಂದು ಕೇಳಿ. ಫೈನ್ ನೀಡಲ್ ಆಸ್ಪಿರೇಶನ್ ಸೈಟಾಲಜಿ, ಅಂದರೆ ಸೂಜಿ ಪರೀಕ್ಷೆ. ಹೆಸರು ಉದ್ದವಾದರೂ ಕೆಲಸ ಸಣ್ಣದು. ಲಸಿಕೆಗೆ ಬಳಸುವಂಥದೇ ಸಪೂರ ಸೂಜಿಯನ್ನು ಗಂಟಿನೊಳಗೆ ಎರಡು-ಮೂರು ಕಡೆ ಚುಚ್ಚಿ, ಒಳಗೆ ಬಂದ ಜೀವಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅರಿವಳಿಕೆ ಸಾಮಾನ್ಯವಾಗಿ ಬೇಕಿಲ್ಲ. ನೀವು ತಲೆ ಹಿಡಿದು ಮಾತಾಡಿಸುತ್ತಿದ್ದರೆ ಹೆಚ್ಚಿನ ನಾಯಿಗಳು ಸುಮ್ಮನೆ ನಿಲ್ಲುತ್ತವೆ.

ಸ್ಲೈಡು ಕೆಲವೊಮ್ಮೆ ಬಣ್ಣ ಹಾಕುವ ಮೊದಲೇ ಸುಳಿವು ಕೊಡುತ್ತದೆ. ಕೊಬ್ಬಿನ ಗಂಟಾದರೆ ಗಾಜಿನ ಮೇಲೆ ಎಣ್ಣೆಯ ಹನಿಗಳು ಹೊಳೆಯುತ್ತವೆ, ಎಷ್ಟು ಹೊತ್ತು ಬಿಟ್ಟರೂ ಒಣಗುವುದಿಲ್ಲ. ಚರ್ಮದ ಚೀಲದಂಥ ಸಿಸ್ಟ್ ಆದರೆ ಬೂದು ಬಣ್ಣದ ಗಟ್ಟಿ ಹಿಟ್ಟಿನಂಥದು ಬರುತ್ತದೆ. ಕುರುವಾದರೆ ಕೀವು. ಮಾಸ್ಟ್ ಸೆಲ್ ಗೆಡ್ಡೆಯಾದರೆ ಬಣ್ಣ ಹಾಕಿದ ಮೇಲೆ ದುಂಡನೆಯ ಕೋಶಗಳೊಳಗೆ ನೇರಳೆ ಕಣಗಳು ಕಿಕ್ಕಿರಿದು ಕಾಣುತ್ತವೆ. ಈ ಕಾರಣಕ್ಕೇ ಬಹುತೇಕ ಮಾಸ್ಟ್ ಸೆಲ್ ಗೆಡ್ಡೆಗಳನ್ನು ಒಂದೇ ಸೂಜಿಯಲ್ಲಿ ಹಿಡಿಯಬಹುದು.

ಒಂದು ಸೆಂಟಿಮೀಟರ್ ದಾಟಿದ ಅಥವಾ ಒಂದು ತಿಂಗಳಾದರೂ ಹೋಗದ ಯಾವ ಗಂಟಿಗಾದರೂ ಸೂಜಿ ಹಾಕಿ ನೋಡಬೇಕು ಎನ್ನುವುದು ನಾವು ಪಾಲಿಸುವ ಸರಳ ಲೆಕ್ಕ. ನಿಮ್ಮ ನಾಯಿಯ ಗಂಟು ಎರಡನ್ನೂ ದಾಟಿದೆ, ಬೆಳೆಯುತ್ತಲೂ ಇದೆ.

ಪುಟ್ಟ ನಾಯಿಗೆ ಈ ಆತುರ ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಕೆಟ್ಟ ಗೆಡ್ಡೆಯನ್ನು ತೆಗೆಯುವಾಗ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಉಳಿದ ಕೋಶಗಳಿಂದ ಮತ್ತೆ ಬೆಳೆಯುತ್ತದೆ. ಗೆಡ್ಡೆ ಒಂದು ಸೆಂಟಿಮೀಟರ್ ಇದ್ದಾಗ ಸುತ್ತಲೂ ಒಂದೊಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ಗಾಯ ಮೂರು ಸೆಂಟಿಮೀಟರ್ ಅಗಲ. ಅದೇ ಗೆಡ್ಡೆ ಎರಡು ಸೆಂಟಿಮೀಟರ್ ಆಗುವವರೆಗೆ ಕಾದರೆ ಸುತ್ತಲೂ ಎರಡೆರಡು ಬಿಡಬೇಕು, ಗಾಯ ಆರು ಸೆಂಟಿಮೀಟರ್. ಲ್ಯಾಬ್ರಡಾರ್‌ನ ಪಕ್ಕೆಯಲ್ಲಿ ಅಷ್ಟನ್ನು ಎಳೆದು ಹೊಲಿಯಬಹುದು. ಆರು ಕೆ.ಜಿ.ಯ ಪಾಮೇರಿಯನ್‌ನಲ್ಲಿ ಅದು ಪಕ್ಕೆಯ ದೊಡ್ಡ ಭಾಗ. ಕಾಲಿನಲ್ಲೋ ಮುಖದಲ್ಲೋ ಆದರೆ ಮುಚ್ಚಲು ಚರ್ಮವೇ ಸಿಗುವುದಿಲ್ಲ.

ಆಸ್ಪತ್ರೆಗೆ ಹೋಗುವವರೆಗೆ ಮನೆಯಲ್ಲಿ ಹೀಗೆ ಮಾಡಿ. ಕೂದಲು ಒದ್ದೆ ಮಾಡಿ, ಬಾಚಣಿಗೆಯಿಂದ ಬಿಡಿಸಿ, ಗಂಟಿನ ಪಕ್ಕ ಒಂದು ನಾಣ್ಯ ಹಿಡಿದು ಫೋಟೊ ತೆಗೆಯಿರಿ. ಮುಂದಿನ ಸಲವೂ ಅದೇ ನಾಣ್ಯ ಇರಲಿ, ಬೆಳೆದಿದ್ದು ಕಣ್ಣಿಗೇ ಕಾಣುತ್ತದೆ. ತಾರೀಕು ಬರೆದಿಡಿ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಎರಡೂ ಬದಿ ಮುಟ್ಟಿ ನೋಡಿ. ಅಲ್ಲಿ ದುಗ್ಧಗ್ರಂಥಿಗಳಿವೆ, ಅವು ಊದಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಸುಣ್ಣ ಬೇಡ, ಅದು ಚರ್ಮ ಸುಡುತ್ತದೆ. ನರಹುಲಿಗೆ ಕಟ್ಟುವ ಹಾಗೆ ದಾರ ಕಟ್ಟುವುದೂ ಬೇಡ. ಹಿಂಡಿ ನೋಡಬೇಡಿ. ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೊಫೆನಾಕ್ ಅಂತೂ ಕೊಡಲೇಬೇಡಿ. ಇಷ್ಟು ಸಣ್ಣ ನಾಯಿಗೆ ಒಂದೇ ಮಾತ್ರೆಯೂ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ ಕೆಡಿಸಬಹುದು.

ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇಲ್ಲದಿದ್ದರೂ ಚಿಂತೆಯಿಲ್ಲ. ಸಿರಿಂಜು, ನಾಲ್ಕು ಸ್ಲೈಡು ಇದ್ದರೆ ವೈದ್ಯರು ಅಲ್ಲೇ ಮಾದರಿ ತೆಗೆಯಬಹುದು. ಗಾಳಿಗೆ ಒಣಗಿಸಿದ ಸ್ಲೈಡನ್ನು ಹೆಬ್ಬಾಳದಲ್ಲೋ ಹಾಸನದಲ್ಲೋ ಇರುವ ಪಶುವೈದ್ಯಕೀಯ ಕಾಲೇಜಿನ ರೋಗಲಕ್ಷಣಶಾಸ್ತ್ರ ವಿಭಾಗದವರಿಗೆ ತೋರಿಸಬಹುದು. ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿ. ಫಾರ್ಮಲಿನ್ ಬಾಟಲಿಯ ಜೊತೆ ಮಾತ್ರ ಸ್ಲೈಡನ್ನು ಕಟ್ಟಿ ಕಳಿಸಬಾರದು, ಅದರ ಆವಿ ತಾಗಿದರೆ ಜೀವಕೋಶಗಳಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಪ್ರಶ್ನೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಮೈಯೆಲ್ಲ ಹರಡುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ದಾವಣಗೆರೆ

ಉತ್ತರ: ಚರ್ಮದ ಗಂಟುಗಳ ಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಸೂಜಿ ಹೋದ ದಾರಿಯಲ್ಲಿ ಕೋಶಗಳು ಬೇರೂರಿದ್ದು ಕಂಡಿದೆ, ಅದಕ್ಕೇ ಅಲ್ಲಿ ನಾವು ಸೂಜಿ ಹಾಕುವುದಿಲ್ಲ. ಚರ್ಮದಲ್ಲಿ ಅಂಥದ್ದು ಅತಿ ಅಪರೂಪ. ಗೆಡ್ಡೆ ಕೆಟ್ಟದ್ದಾಗಿದ್ದರೆ ಅದು ಹರಡಲು ಸೂಜಿ ಬೇಕಿಲ್ಲ, ನಾವು ಕಾಯುತ್ತ ಕೂತರೆ ಸಾಕು.

ಸೂಜಿಗೂ ಮಿತಿ ಇದೆ. ಕೆಲವು ಗಟ್ಟಿ ನಾರಿನಂಥ ಗೆಡ್ಡೆಗಳು ಕೋಶಗಳನ್ನೇ ಬಿಟ್ಟುಕೊಡುವುದಿಲ್ಲ, ಸ್ಲೈಡಿನಲ್ಲಿ ಬರೀ ರಕ್ತ ಬರುತ್ತದೆ. ಆಗ ‘ಏನೂ ಸಿಗಲಿಲ್ಲ’ ಎಂಬುದನ್ನು ‘ಏನೂ ಇಲ್ಲ’ ಎಂದು ತಿಳಿಯಬೇಡಿ. ಇನ್ನೊಮ್ಮೆ ಸೂಜಿ ಹಾಕಬೇಕು ಅಥವಾ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು.

ಪ್ರಶ್ನೆ: ನಮ್ಮ ಐದು ವರ್ಷದ ಪಗ್‌ನ ತೊಡೆಯಲ್ಲಿ ಗಂಟಿತ್ತು. ಕೆರೆದುಕೊಂಡ ದಿನ ಕೆಂಪಾಗಿ ಊದುತ್ತಿತ್ತು, ಮರುದಿನ ಇಳಿಯುತ್ತಿತ್ತು. ಮೆಡಿಕಲ್ ಶಾಪಿನವರು ಕೊಟ್ಟ ಪ್ರೆಡ್ನಿಸೊಲೋನ್ ಮಾತ್ರೆ ಹಾಕಿದ ಮೇಲೆ ಅರ್ಧಕ್ಕರ್ಧ ಕರಗಿದೆ. ಇನ್ನು ಬಿಟ್ಟುಬಿಡಬಹುದಲ್ಲವೇ?
— ಓದುಗರು, ಮೈಸೂರು

ಉತ್ತರ: ದಯವಿಟ್ಟು ಬಿಡಬೇಡಿ. ಈ ಅಂಕಣದ ಎಲ್ಲ ಪತ್ರಗಳಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮದು. ಊದಿ ಇಳಿಯುವುದು ಮಾಸ್ಟ್ ಸೆಲ್ ಗೆಡ್ಡೆಯ ಸ್ವಭಾವ. ಅದರ ಕೋಶಗಳ ತುಂಬ ಹಿಸ್ಟಮಿನ್, ಹೆಪಾರಿನ್‌ನಂಥ ವಸ್ತುಗಳಿರುತ್ತವೆ. ಕೆರೆದಾಗ, ಹಿಂಡಿದಾಗ ಅವು ಹೊರಬಿದ್ದು ಸುತ್ತಲಿನ ಚರ್ಮ ಕೆಂಪಾಗಿ ಊದುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅದೇ ಹಿಸ್ಟಮಿನ್ ರಕ್ತದ ಮೂಲಕ ಹೋಗಿ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸಿ ಹುಣ್ಣು ಮಾಡಬಹುದು. ನಿಮ್ಮ ನಾಯಿ ವಾಂತಿ ಮಾಡಿದರೆ, ಡಾಂಬರಿನಂತೆ ಕಪ್ಪು ಮಲ ಹಾಕಿದರೆ, ಊಟ ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಯಿಂದ ಗೆಡ್ಡೆ ತಾತ್ಕಾಲಿಕವಾಗಿ ಕುಗ್ಗುತ್ತದೆ, ವಾಸಿಯಾಗುವುದಿಲ್ಲ. ಪರೀಕ್ಷೆಯ ಚಿತ್ರವನ್ನೂ ಮಸುಕು ಮಾಡುತ್ತದೆ. ಎಷ್ಟು ದಿನದಿಂದ, ಎಷ್ಟು ಮಾತ್ರೆ ಕೊಡುತ್ತಿದ್ದೀರಿ ಎಂದು ವೈದ್ಯರಿಗೆ ಬಿಚ್ಚಿ ಹೇಳಿ. ನಿಮ್ಮಷ್ಟಕ್ಕೆ ನೀವೇ ತಟ್ಟನೆ ನಿಲ್ಲಿಸಬೇಡಿ, ಬಹುದಿನ ಕೊಟ್ಟ ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸಬೇಕು. ಸಮಾಧಾನದ ಮಾತೂ ಇದೆ. ಪಗ್‌ಗಳಿಗೆ ಈ ಗೆಡ್ಡೆ ಒಂದಕ್ಕಿಂತ ಹೆಚ್ಚು ಬರುವುದುಂಟು, ಆದರೆ ಅವುಗಳಲ್ಲಿ ಬಹುಪಾಲು ಸೌಮ್ಯ ದರ್ಜೆಯವು. ಬೇಗ, ಅಂಚು ಬಿಟ್ಟು ತೆಗೆಸಿದರೆ ನಾಯಿ ಚೆನ್ನಾಗಿ ಬದುಕುತ್ತದೆ.

ಪ್ರಶ್ನೆ: ಹನ್ನೊಂದು ತಿಂಗಳ ಡ್ಯಾಶ್‌ಹಂಡ್‌ನ ಕಿವಿಯ ಮೇಲೆ ಹದಿನೈದು ದಿನದಲ್ಲಿ ಕೆಂಪು ಗುಂಡಿಯಂಥ ಗುಳ್ಳೆ ಎದ್ದಿದೆ, ಅಲ್ಲಿ ಕೂದಲಿಲ್ಲ. ಕತ್ತರಿಸಿ ತೆಗೆಸಬೇಕೆ?
— ಓದುಗರು, ಶಿವಮೊಗ್ಗ

ಉತ್ತರ: ಮೂರು ವರ್ಷದೊಳಗಿನ ನಾಯಿಯ ಮುಖ, ಕಿವಿ, ಕಾಲುಗಳ ಮೇಲೆ ಹೀಗೆ ದಿಢೀರನೆ ಏಳುವುದು ಹೆಚ್ಚಾಗಿ ಹಿಸ್ಟಿಯೊಸೈಟೋಮಾ. ನೋಡಲು ಗಾಬರಿ ಹುಟ್ಟಿಸಿದರೂ ಅಪಾಯವಿಲ್ಲ. ನಾಯಿಯ ರೋಗನಿರೋಧಕ ಕೋಶಗಳೇ ಅದನ್ನು ಗುರುತಿಸಿ ಕರಗಿಸುತ್ತವೆ. ಸಾಮಾನ್ಯವಾಗಿ ಎರಡು-ಮೂರು ತಿಂಗಳಲ್ಲಿ ಮಾಯವಾಗುತ್ತದೆ. ಆದ್ದರಿಂದಲೇ ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಬಾರದು, ಗುಣಪಡಿಸಬೇಕಾದ ಕೋಶಗಳನ್ನೇ ಅದು ತಡೆಯುತ್ತದೆ. ಒಂದು ಸೂಜಿ ಪರೀಕ್ಷೆ ಮಾಡಿಸಿ ಖಚಿತವಾದರೆ ಕತ್ತರಿ ಬೇಡ, ಕಾಯಿರಿ. ಮೂರು ತಿಂಗಳಾದರೂ ಹೋಗದಿದ್ದರೆ, ಹುಣ್ಣಾಗಿ ಕೆರೆದುಕೊಳ್ಳುತ್ತಿದ್ದರೆ ಆಗ ತೆಗೆಸೋಣ.

ಪ್ರಶ್ನೆ: ನಮ್ಮ ಒಂಬತ್ತು ವರ್ಷದ ಹೆಣ್ಣು ಸ್ಪಿಟ್ಜ್ ಮರಿ ಹಾಕಿಲ್ಲ, ಆಪರೇಷನ್ನೂ ಮಾಡಿಸಿಲ್ಲ. ಹಿಂದಿನ ಮೊಲೆತೊಟ್ಟಿನ ಪಕ್ಕ ಗಟ್ಟಿ ಗಂಟಿದೆ. ಹಾಲು ಗಟ್ಟಿಯಾಗಿರಬಹುದೇ? ಬಿಸಿನೀರಿನ ಶಾಖ ಕೊಡಲೇ?
— ಓದುಗರು, ಹುಬ್ಬಳ್ಳಿ

ಉತ್ತರ: ಶಾಖ ಬೇಡ, ತಡವೂ ಬೇಡ. ಈ ವಯಸ್ಸಿನ, ಗರ್ಭಕೋಶ ತೆಗೆಸದ ಹೆಣ್ಣುನಾಯಿಯ ಕೆಚ್ಚಲಿನ ಗಂಟನ್ನು ಸ್ತನದ ಗೆಡ್ಡೆ ಎಂದೇ ಎಣಿಸಿ ನಡೆಯಬೇಕು. ಇವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೆಟ್ಟವು; ಸಣ್ಣ ತಳಿಗಳಲ್ಲಿ ಕೆಟ್ಟವುಗಳ ಪಾಲು ಕಡಿಮೆ. ಮೂರು ಸೆಂಟಿಮೀಟರ್ ದಾಟುವ ಮೊದಲೇ ತೆಗೆದವುಗಳ ಫಲಿತಾಂಶ ಚೆನ್ನಾಗಿರುತ್ತದೆ. ಇಲ್ಲಿ ಸೂಜಿ ಪರೀಕ್ಷೆಯೊಂದರಿಂದ ಒಳ್ಳೆಯದು-ಕೆಟ್ಟದ್ದು ಎಂದು ನಂಬಿಕೆಯಿಂದ ಹೇಳಲಾಗದು, ಶಸ್ತ್ರಚಿಕಿತ್ಸೆ ಮಾಡಿ ಗೆಡ್ಡೆಯನ್ನು ಪೂರ್ತಿ ಪರೀಕ್ಷಿಸಬೇಕು. ಅದಕ್ಕೂ ಮೊದಲು ಎದೆಯ ಎಕ್ಸ್‌ರೇ ತೆಗೆಸಿ, ತೊಡೆಸಂದಿನ ದುಗ್ಧಗ್ರಂಥಿ ನೋಡಿಸಿ, ಎರಡೂ ಸಾಲಿನ ಎಲ್ಲ ಮೊಲೆಗಳನ್ನೂ ಮುಟ್ಟಿ ನೋಡಿಸಿ.

ತೆಗೆದ ಗೆಡ್ಡೆಯನ್ನು ಎಸೆಯಲು ಬಿಡಬೇಡಿ. ಅದರ ಹತ್ತುಪಟ್ಟು ಫಾರ್ಮಲಿನ್ ದ್ರಾವಣದಲ್ಲಿ ಹಾಕಿ ಹಿಸ್ಟೊಪೆಥಾಲಜಿಗೆ ಕಳಿಸಬೇಕು. ಗೆಡ್ಡೆಯ ಬಗೆ ಯಾವುದು, ಅಂಚು ಪೂರ್ತಿ ಬಂದಿದೆಯೇ ಎಂಬುದು ಆ ವರದಿಯಿಂದಲೇ ತಿಳಿಯುವುದು.

ಹೆಣ್ಣುಮರಿ ಸಾಕುವ ಎಲ್ಲರಿಗೂ ಒಂದು ಮಾತು. 1969ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ಸಂತಾನಹರಣ ಆಪರೇಷನ್ ಆಗದ ನಾಯಿಗಳಿಗೆ ಹೋಲಿಸಿದರೆ ಮೊದಲ ಬೆದೆಗೆ ಮುನ್ನ ಆಪರೇಷನ್ ಆದವುಗಳಲ್ಲಿ ಸ್ತನದ ಗೆಡ್ಡೆಯ ಸಾಧ್ಯತೆ ಶೇ 0.5, ಒಂದು ಬೆದೆಯ ನಂತರ ಶೇ 8, ಎರಡು ಅಥವಾ ಹೆಚ್ಚು ಬೆದೆಯ ನಂತರ ಶೇ 26. ಈ ಅಂಕಿಗಳು ಇಷ್ಟು ಖಚಿತವೇ ಎಂದು ಮುಂದೆ ಪ್ರಶ್ನೆಗಳು ಎದ್ದಿವೆ. ಆದರೂ ಬೇಗ ಮಾಡಿಸಿದಷ್ಟೂ ರಕ್ಷಣೆ ಹೆಚ್ಚು ಎಂದೇ ಬಹುತೇಕ ವೈದ್ಯರ ಅಭಿಪ್ರಾಯ. ಯಾವ ವಯಸ್ಸಿನಲ್ಲಿ ಎಂಬುದನ್ನು ನಿಮ್ಮ ವೈದ್ಯರೊಡನೆ ಮಾತಾಡಿ ನಿರ್ಧರಿಸಿ.

ಪ್ರಶ್ನೆ: ನಮ್ಮ ಗಂಡುನಾಯಿಯ ಹೊಟ್ಟೆಯ ಮೇಲೆ ಸಾಲಾಗಿ ಸಣ್ಣ ಗುಳ್ಳೆಗಳಿವೆ. ಉಣ್ಣಿ ಎಂದು ಕೀಳಲು ಹೋದರೆ ಕಚ್ಚಲು ಬರುತ್ತಾನೆ.
— ಓದುಗರು, ಪುತ್ತೂರು

ಉತ್ತರ: ಕೀಳಬೇಡಿ, ಅವು ಮೊಲೆತೊಟ್ಟುಗಳು! ಗಂಡುನಾಯಿಗೂ ಇರುತ್ತವೆ, ಎರಡು ಸಾಲಿನಲ್ಲಿ ಸಾಮಾನ್ಯವಾಗಿ ಎಂಟೋ ಹತ್ತೋ. ರಕ್ತ ಕುಡಿದ ಉಣ್ಣಿ ಬೂದು ಬಣ್ಣದ್ದು. ಬುಡದಲ್ಲಿ ಟಾರ್ಚ್ ಹಿಡಿದು ನೋಡಿದರೆ ಚರ್ಮಕ್ಕೆ ಅಂಟಿದಂತೆ ಸಣ್ಣ ಕಾಲುಗಳು ಕಾಣುತ್ತವೆ. ಉಣ್ಣಿಯಾದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಉರಿಯುವ ಅಗರಬತ್ತಿ ಬೇಡ. ಕಿತ್ತ ಜಾಗದಲ್ಲಿ ಕೆಲವು ದಿನ ಚಿಕ್ಕ ಗಂಟು ಉಳಿಯುವುದು ಸಹಜ, ತಾನಾಗಿ ಇಳಿಯುತ್ತದೆ.

ಹೊಕ್ಕುಳಲ್ಲೋ ತೊಡೆಸಂದಿಯಲ್ಲೋ ಮೆತ್ತನೆಯ ಉಬ್ಬು ಇದ್ದರೆ ಒತ್ತಬೇಡಿ. ಅದು ಹರ್ನಿಯಾ ಇರಬಹುದು, ಒಳಗೆ ಕರುಳು ಬಂದಿರಬಹುದು.

ಪ್ರಶ್ನೆ: ನಮ್ಮ ಶಿಟ್ಜುಗೆ ಹದಿಮೂರು ವರ್ಷ. ಬೆನ್ನ ಮೇಲೆ ಗಂಟಿದೆ. ಈ ವಯಸ್ಸಿನಲ್ಲಿ ಅರಿವಳಿಕೆ ತಡೆಯುತ್ತದೆಯೇ? ಸುಮ್ಮನೆ ನೆಮ್ಮದಿಯಾಗಿ ಇರಲಿ ಎಂದು ಬಿಡುವುದು ಒಳ್ಳೆಯದಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಸೂಜಿ ಪರೀಕ್ಷೆಗೆ ಅರಿವಳಿಕೆ ಬೇಕಿಲ್ಲ, ಆದ್ದರಿಂದ ಅದಕ್ಕೆ ವಯಸ್ಸು ಅಡ್ಡಿಯಲ್ಲ. ಲೈಪೋಮಾ ಎಂದು ಬಂದರೆ, ನಡೆಯಲು ತೊಂದರೆ ಕೊಡದಿದ್ದರೆ, ಹಾಗೇ ಬಿಟ್ಟು ಮೂರು ತಿಂಗಳಿಗೊಮ್ಮೆ ಅಳೆಯುತ್ತಿರಿ. ತೆಗೆಯಲೇಬೇಕಾದ ಗೆಡ್ಡೆಯಾದರೆ ಮೊದಲು ಮೂತ್ರಪಿಂಡ-ಯಕೃತ್ತಿನ ರಕ್ತಪರೀಕ್ಷೆ, ಹೃದಯದ ತಪಾಸಣೆ ಆಗಬೇಕು. ಸಣ್ಣ ತಳಿಗಳಲ್ಲಿ ಮುಪ್ಪಿಗೆ ಹೃದಯದ ಕವಾಟ ಸಡಿಲವಾಗುವುದು ಸಾಮಾನ್ಯ. ಪುಟ್ಟ ದೇಹ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ. ಮೈ ಬೆಚ್ಚಗಿಡುವ ವ್ಯವಸ್ಥೆ ಇದೆಯೇ, ಆಪರೇಷನ್ ಉದ್ದಕ್ಕೂ ಉಸಿರು-ನಾಡಿ ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಎಲ್ಲ ತಿಳಿದ ಮೇಲೆ ‘ಬೇಡ, ನೋವಿಲ್ಲದಂತೆ ನೋಡಿಕೊಳ್ಳೋಣ’ ಎಂದು ನೀವು ತೀರ್ಮಾನಿಸಿದರೆ ಅದೂ ಸರಿಯಾದ ತೀರ್ಮಾನವೇ, ಯಾವ ಒಳ್ಳೆಯ ವೈದ್ಯರೂ ನಿಮ್ಮನ್ನು ದೂರುವುದಿಲ್ಲ. ಆದರೆ ಆ ತೀರ್ಮಾನ ಸ್ಲೈಡಿನ ವರದಿ ಕೈಗೆ ಬಂದ ಮೇಲಿನದಾಗಿರಲಿ. ತೆಗೆಯುವುದೋ ಬಿಡುವುದೋ ಎಂದು ಮನೆಯವರೆಲ್ಲ ಕೂತು ಮಾತಾಡುವುದು ಆಮೇಲೆ. ಮೊದಲು ಸೂಜಿ.