ಊರ ಪಕ್ಕ ಜಲ್ಲಿ ಕ್ವಾರಿ ಬರುತ್ತಾ? ಮೊದಲು ನಿಮ್ಮ ಬೋರ್‌ವೆಲ್ ನೀರಿನ ಲೆಕ್ಕ ಬರೆದಿಡಿ



ಪಕ್ಕದ ಗುಡ್ಡ ಜಲ್ಲಿ ಕ್ವಾರಿಗೆ ಹೋಗುತ್ತಂತೆ ಅನ್ನೋ ಸುದ್ದಿ ಬಂದ ಕೂಡಲೇ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಕ್ಷ ಆಗುತ್ತೆ. ಒಬ್ಬರು "ನೀರೆಲ್ಲ ವಿಷ ಆಗುತ್ತೆ" ಅಂತಾರೆ. ಇನ್ನೊಬ್ಬರು "ಏನೂ ಆಗಲ್ಲ, ಹುಡುಗರಿಗೆ ಕೆಲಸ ಸಿಗುತ್ತೆ" ಅಂತಾರೆ. ಇಬ್ಬರ ಕೈಯಲ್ಲೂ ಲೆಕ್ಕ ಇರಲ್ಲ. ಎರಡು ವರ್ಷ ಬಿಟ್ಟು ಬೋರ್ ಬತ್ತಿದರೆ, "ಮೊದಲು ಹೀಗಿರಲಿಲ್ಲ" ಅನ್ನೋದಕ್ಕೆ ಪುರಾವೆ ಕೇಳ್ತಾರೆ. ಆ ಪುರಾವೆಯನ್ನು ಕ್ವಾರಿ ಶುರುವಾಗುವ ಮೊದಲೇ ಮಾಡಿಟ್ಟುಕೊಳ್ಳಬೇಕು.

ನೀರಿಗೆ ತೊಂದರೆ ಹೇಗೆ ಬರುತ್ತೆ?

ನಮ್ಮ ಬಯಲುಸೀಮೆಯ ಹೆಚ್ಚಿನ ಕಡೆ ನೆಲದಡಿ ಇರೋದು ಗಟ್ಟಿ ಕಲ್ಲು. ನೀರು ನಿಲ್ಲೋದು ಮೇಲಿನ ಸವೆದ ಕಲ್ಲಿನ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ.

1. ಮಟ್ಟ ಇಳಿಯೋದು: ಕ್ವಾರಿಯ ಗುಂಡಿ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಹೋದರೆ ಸುತ್ತಲಿನ ನೀರು ಆ ಗುಂಡಿಗೆ ಬಸಿಯುತ್ತೆ. ಕೆಲಸ ನಡೀಬೇಕಂದ್ರೆ ಅದನ್ನು ಪಂಪ್ ಮಾಡಿ ಹೊರಗೆ ಹಾಕ್ತಾರೆ. ಅದೇ ಬಿರುಕಿಗೆ ಸೇರಿದ ನಿಮ್ಮ ಬೋರ್‌ನಲ್ಲಿ ಮಟ್ಟ ಇಳಿಯಬಹುದು.

2. ಸೋಸುವ ಮಣ್ಣು ಹೋಗೋದು: ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಸ್ವಲ್ಪ ಮಟ್ಟಿಗೆ ಸೋಸುತ್ತೆ. ಗುಂಡಿಯಲ್ಲಿ ಆ ಮಣ್ಣೇ ಇಲ್ಲ. ಡೀಸೆಲ್, ಆಯಿಲ್, ಕಲ್ಲಿನ ಹುಡಿ ನೇರವಾಗಿ ಬಿರುಕಿಗೆ ಸೇರುವ ದಾರಿ ತೆರೆಯುತ್ತೆ.

3. ನೈಟ್ರೇಟ್: ಕಲ್ಲು ಒಡೆಯಲು ಬಳಸುವ ಸ್ಫೋಟಕಗಳಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತೆ. ಪೂರ್ತಿ ಉರಿಯದೆ ಉಳಿದದ್ದು ನೀರಿಗೆ ಇಳಿಯುತ್ತೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಎಳೆ ಮಕ್ಕಳಿಗೆ ಅಪಾಯ. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತೆ.

4. ಬಿಟ್ಟುಹೋದ ಗುಂಡಿ: ಕಲ್ಲು ಮುಗಿದ ಮೇಲೆ ಗುಂಡಿ ಕಸ ಸುರಿಯುವ ಜಾಗ ಆಗಬಹುದು. ಬೆಂಗಳೂರಿನ ಕಸವನ್ನು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕ್ವಾರಿಗಳಿಗೆ ಸುರಿದದ್ದು ಎಲ್ಲರಿಗೂ ಗೊತ್ತು.

ಒಂದು ಮಾತು ನೆನಪಿರಲಿ. ನೈಟ್ರೇಟ್ ಯೂರಿಯಾದಿಂದಲೂ, ತಿಪ್ಪೆಯಿಂದಲೂ ಬರುತ್ತೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಫ್ಲೋರೈಡ್ ಅಲ್ಲಿನ ಕಲ್ಲಿನಿಂದಲೇ ಬಂದದ್ದು. ಹಾಗಾಗಿ ಮೊದಲ ದಾಖಲೆ ಇಲ್ಲದಿದ್ದರೆ ಯಾವುದು ಕ್ವಾರಿಯದ್ದು, ಯಾವುದು ನಮ್ಮ ಹೊಲದ್ದು ಅಂತ ಹೇಳೋಕಾಗಲ್ಲ.

ಈ ವಾರವೇ ಮಾಡುವ ಕೆಲಸ

• ನೀರಿನ ಇಳುವರಿ: 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲ್ ಸ್ಟಾಪ್‌ವಾಚಿನಲ್ಲಿ ನೋಡಿ. 2 ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 100 ಲೀಟರ್. ಪ್ರತಿ ತಿಂಗಳು ಒಂದೇ ತಾರೀಖಿಗೆ, ಮೋಟಾರ್ ಶುರು ಮಾಡಿ ಅಷ್ಟೇ ಹೊತ್ತು ಓಡಿಸಿದ ಮೇಲೆ ಅಳೆಯಿರಿ. ತೆರೆದ ಬಾವಿ ಇದ್ದರೆ ರಾತ್ರಿಯಿಡೀ ಮೋಟಾರ್ ನಿಲ್ಲಿಸಿ, ಬೆಳಗ್ಗೆ ಹಗ್ಗಕ್ಕೆ ಕಲ್ಲು ಕಟ್ಟಿ ಮಟ್ಟ ಅಳೆಯಿರಿ.

• ನೀರಿನ ಪರೀಕ್ಷೆ: ಮೋಟಾರ್ 10 ನಿಮಿಷ ಓಡಿಸಿ, ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಸರ್ವೆ ನಂಬರ್, ತಾರೀಖು, ಹೊತ್ತು ಬರೆದು, ತಂಪಾಗಿಟ್ಟು ಅವತ್ತೇ ಲ್ಯಾಬಿಗೆ ಕೊಡಿ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬಿನಲ್ಲಿ ಕಡಿಮೆ ದರಕ್ಕೆ ಮಾಡ್ತಾರೆ. ನೈಟ್ರೇಟ್, ಫ್ಲೋರೈಡ್, ಟಿಡಿಎಸ್, ಗಡಸುತನ, ಪಿಎಚ್ ಇಷ್ಟನ್ನು ಕೇಳಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿ. ದೂರದ ಒಂದು ಬೋರ್‌ನ ನೀರನ್ನೂ ಮಾಡಿಸಿದರೆ ಹೋಲಿಸೋಕೆ ಅನುಕೂಲ.

• ಫೋಟೊ: ಜಿಪಿಎಸ್ ಕ್ಯಾಮೆರಾದಲ್ಲಿ ಬೋರ್, ಬಾವಿ, ಮನೆ ಗೋಡೆ ತೆಗೆದಿಡಿ. ಈಗಲೇ ಇರುವ ಬಿರುಕನ್ನೂ ತೆಗೆಯಿರಿ. ಮುಚ್ಚಿಟ್ಟರೆ ನಿಮ್ಮ ದಾಖಲೆಯನ್ನು ಯಾರೂ ನಂಬಲ್ಲ.

• ದೂರ: ದಿಶಾಂಕ್ ಆ್ಯಪಿನಲ್ಲಿ ಕ್ವಾರಿ ಬರುವ ಸರ್ವೆ ನಂಬರ್ ಹುಡುಕಿ, ನಿಮ್ಮ ಮನೆ, ಶಾಲೆ, ಕೆರೆ ಎಷ್ಟು ದೂರ ಅಂತ ನೋಡ್ಕೊಳ್ಳಿ. ಅರ್ಜಿಯ ಕಾಗದಪತ್ರ ಪರಿವೇಶ್ ಪೋರ್ಟಲಿನಲ್ಲಿ ಸಿಗುತ್ತೆ.

ಎಲ್ಲಿ ಕೇಳಬೇಕು?

ಪರಿಸರ ಸಾರ್ವಜನಿಕ ವಿಚಾರಣೆ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ವಿಡಿಯೊ ಆಗಬೇಕು. ಆದರೆ 5 ಹೆಕ್ಟೇರಿಗಿಂತ (ಸುಮಾರು 12 ಎಕರೆ) ಸಣ್ಣ ಕ್ವಾರಿಗೆ ಎಷ್ಟೋ ಸಲ ಈ ವಿಚಾರಣೆ ಇರೋದೇ ಇಲ್ಲ. ಆಗ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಪಂಚಾಯಿತಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ.

ಈ ನಾಲ್ಕು ಪ್ರಶ್ನೆ ಕೇಳಿ: ಗುಂಡಿ ಎಷ್ಟು ಆಳ, ಅಲ್ಲಿನ ನೀರಿನ ಮಟ್ಟ ಎಷ್ಟು? ಪಂಪ್ ಮಾಡಿದ ನೀರು ಎಲ್ಲಿಗೆ ಹೋಗುತ್ತೆ? ಸುತ್ತಲಿನ ಬೋರ್‌ಗಳನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡ್ತಾರೆ? ಮುಗಿದ ಮೇಲೆ ಗುಂಡಿ ಏನಾಗುತ್ತೆ?

ಸ್ಫೋಟಕದ ಎಚ್ಚರ

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ, ಎರಡೂ ಕಡೆ ಸ್ಫೋಟಕ ಸಿಡಿದು ಜೀವಗಳು ಹೋದವು. ಹಿರೇನಾಗವಲ್ಲಿಯಲ್ಲೇ ಆರು ಜನ ಸತ್ತರು. ದನ ಮೇಯಿಸುವಾಗ ಜಿಲೆಟಿನ್ ಕಡ್ಡಿ, ವೈರ್ ಕಂಡರೆ ಮುಟ್ಟಬೇಡಿ, ಫೋಟೊ ತೆಗೆಯೋಕೂ ಹತ್ತಿರ ಹೋಗಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ.

ಕ್ವಾರಿ ಬೇಕೋ ಬೇಡವೋ ಅನ್ನೋದನ್ನು ಊರವರು ಕೂತು ಮಾತಾಡಲಿ. ಆದರೆ ನಾಳೆ ಬೆಳಗ್ಗೆ ಮೋಟಾರ್ ಹಾಕುವಾಗ ಡ್ರಮ್ ಇಟ್ಟು ಅಳೆಯೋದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅಕ್ಕಪಕ್ಕದ ಹತ್ತು ಬೋರ್‌ಗಳ ಲೆಕ್ಕ ಒಂದೇ ನೋಟ್‌ಬುಕ್ಕಿನಲ್ಲಿ ಸೇರಿದರೆ ಸಭೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತೆ.